ಒಂದೇ ಕುರ್ಚಿಯ ಕೋಣೆ

ಇಲವಾಲ
೨೦ ಸೆಪ್ಟೆಂಬರ್ ೨೦೨೫, ಶನಿವಾರ

ಸುಷ್ಮಾಳ ಅಪ್ಪನವರಿಗೆ ಪ್ರೇಮಲೀಲಾ ಮಾಡುವ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ನೀವೂ ನಿಮ್ಮ ಸ್ಪೀಕರುಗಳೂ ಕ್ಷೇಮವಾಗಿದ್ದೀರಿ ಅಂದುಕೊಂಡಿದ್ದೇನೆ.

ಅರ್ಧ ಗಂಟೆಯ ಬಸ್ಸಿನ ದಾರಿಗೆ ಇವಳು ಕಾಗದ ಯಾಕೆ ಬರೆದಳು, ಫೋನು ಕೆಟ್ಟಿದೆಯಾ ಅಂತ ನಿಮಗೆ ಅನ್ನಿಸಬಹುದು. ಕೆಟ್ಟಿಲ್ಲ. ನಾನು ಮನೆ ಬಿಟ್ಟು ತಂಗಿ ವಸಂತಮ್ಮನ ಮನೆಗೆ ಬಂದು ಇವತ್ತಿಗೆ ಇಪ್ಪತ್ನಾಲ್ಕು ದಿನ. ಅಷ್ಟು ದಿನದಲ್ಲಿ ನೀವು ಫೋನು ಮಾಡಿದ್ದು ಎರಡು ಸಲ. ಮೊದಲನೇ ಸಲ, ಕನ್ನಡಕ ಒರೆಸುವ ಮೆತ್ತನೆ ಬಟ್ಟೆ ಎಲ್ಲಿಟ್ಟಿದ್ದೀಯ ಅಂತ ಕೇಳಿದಿರಿ. ಎರಡನೇ ಸಲ ನಾನು ಐದು ನಿಮಿಷ ಬಿಡದೆ ಮಾತಾಡಿದೆ, ನಡುವೆ ಅತ್ತೂಬಿಟ್ಟೆ. ಎಲ್ಲವನ್ನೂ ಕೇಳಿಸಿಕೊಂಡು ನೀವು ಹೇಳಿದ್ದು ಇಷ್ಟು: ಇಲವಾಲದ ನೆಟ್‌ವರ್ಕ್ ಸರಿಯಿಲ್ಲ ಪ್ರೇಮಾ, ನಿನ್ನ ದನಿಯಲ್ಲಿ ಬಾಸೇ ಬರ್ತಿಲ್ಲ. ಈ ಮನುಷ್ಯನಿಗೆ ಇನ್ನು ಏನು ಹೇಳುವುದಿದ್ದರೂ ಸದ್ದೇ ಇಲ್ಲದ ದಾರಿಯಲ್ಲಿ ಹೇಳಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಕಾಗದಕ್ಕೆ ಬಾಸೂ ಇಲ್ಲ, ಟ್ರೆಬಲ್ಲೂ ಇಲ್ಲ. ಓದಿಕೊಳ್ಳಿ. ವಸಂತನ ಯಜಮಾನರು ಸೋಮವಾರ ಮಾರುಕಟ್ಟೆಗೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೊದಲು ಮುಖ್ಯ ವಿಷಯ. ಸುಷ್ಮಾಗೆ ಏಳು ತಿಂಗಳು ತುಂಬುತ್ತಿದೆ. ದಸರಾ ಕಳೆದ ಮೇಲೆ, ಅಕ್ಟೋಬರ್ ಐದು ಭಾನುವಾರ, ಬಳೆ ತೊಡಿಸುವ ಶಾಸ್ತ್ರಕ್ಕೆ ಒಳ್ಳೆಯ ದಿನ ಅಂತ ಅವಳ ಅತ್ತೆ ಮನೆಯವರು ಒಪ್ಪಿದ್ದಾರೆ. ಹಾಸನದಿಂದ ಹನ್ನೆರಡು ಜನ ಬರುತ್ತಾರೆ. ಈ ಶಾಸ್ತ್ರ ತವರುಮನೆಯಲ್ಲೇ ಆಗಬೇಕು. ಅವಳ ತವರುಮನೆ ಅಂದರೆ ಲಷ್ಕರ್ ಮೊಹಲ್ಲಾದ ನಮ್ಮ ಮನೆ. ಆ ಮನೆಯಲ್ಲಿ ಇಪ್ಪತ್ತು ಹೆಂಗಸರು ಕೂರುವಷ್ಟು ಜಾಗ ಇರುವುದು ಒಂದೇ ಕೋಣೆಯಲ್ಲಿ. ಅದು ಸುಷ್ಮಾ ಓದಿ ಬೆಳೆದ ಕೋಣೆ. ಈಗ ನೀವು ಅದನ್ನು ‘ನನ್ನ ರೂಮು’ ಅನ್ನುತ್ತೀರಿ. ಗೌರಿ ಹಬ್ಬಕ್ಕೆ ಮುಂಚೆ ನಾನು ಈ ಮಾತು ಎತ್ತಿದಾಗ ಏನಂದಿರಿ, ಜ್ಞಾಪಕ ಮಾಡಿಕೊಳ್ಳಿ. ಸ್ಪೀಕರು ಒಂದು ಇಂಚು ಅಲುಗಿದರೂ ಮೂರು ತಿಂಗಳ ಕೆಲಸ ಹಾಳು, ಯಾವುದಾದರೂ ಛತ್ರ ನೋಡು ಅಂದಿರಿ. ಮಗಳ ಬಳೆ ಶಾಸ್ತ್ರಕ್ಕೆ ಛತ್ರ!

ನೀವು ಮೊದಲಿಂದ ಹೀಗಿದ್ದಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಹಣೆಬರಹ ಅಂತ ಸುಮ್ಮನಿರುತ್ತಿದ್ದೆ. ಹೆಬ್ಬಾಳದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಇದ್ದಾಗ ಐದು ಗಂಟೆಗೇ ಏಳುತ್ತಿದ್ದಿರಿ. ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಪಕ್ಕ, ನಮ್ಮ ಪುಟ್ಟ ರೇಡಿಯೋ. ಅದರ ಏರಿಯಲ್ ಮುರಿದ ಮೇಲೆ ನೀವು ಒಂದು ಸ್ಟೀಲ್ ಚಮಚ ಸಿಕ್ಕಿಸಿದ್ದಿರಿ. ನಲ್ಲಿ ಸುರಿಯುತ್ತಿತ್ತು, ಕುಕ್ಕರ್ ಕೂಗುತ್ತಿತ್ತು, ಪಕ್ಕದ ಗಿರಣಿ ಶುರುವಾಗುತ್ತಿತ್ತು, ಮಸೀದಿಯಿಂದ ಆಜಾನ್ ಕೇಳುತ್ತಿತ್ತು. ಅಷ್ಟರ ಮಧ್ಯೆ ಹಾಡೂ ಬರುತ್ತಿತ್ತು. ನೀವು ಮುಖಕ್ಕೆ ಸೋಪು ಬಳಿದುಕೊಂಡು ಜೊತೆಗೆ ಹಾಡುತ್ತಿದ್ದಿರಿ. ಪದ ಮರೆತ ಕಡೆಯೆಲ್ಲ ‘ಪ್ರೇಮಾ, ಕಾಫಿ ಕೊಡೇ’ ಅಂತ ಸೇರಿಸಿಬಿಡುತ್ತಿದ್ದಿರಿ. ಸುಷ್ಮಾ ಶಾಲೆಗೆ ಸೇರುವ ತನಕ, ಆ ಹಾಡುಗಳಲ್ಲಿ ನಿಜವಾಗಲೂ ನನ್ನ ಹೆಸರಿದೆ ಅಂತಲೇ ತಿಳಿದಿದ್ದಳು.

ಅಂಥವರು ನಿವೃತ್ತಿಯಾದಿರಿ. ಮೂರು ವರ್ಷದ ಕೆಳಗೆ ಬೀರು ಖಾಲಿ ಮಾಡುವಾಗ ಆ ಕ್ಯಾಸೆಟ್ ಸಿಕ್ಕಿತು. ಸುಷ್ಮಾ ಹೊಟ್ಟೆಯಲ್ಲಿದ್ದಾಗ, ಇದೇ ಇಲವಾಲದ ಮನೆಯಲ್ಲಿ ನನಗೆ ಬಳೆ ತೊಡಿಸಿದ ದಿನ ಹೆಂಗಸರೆಲ್ಲ ಸೇರಿ ಬಲವಂತ ಮಾಡಿ ನಿಮ್ಮ ಕೈಲಿ ಹಾಡಿಸಿದ್ದರಲ್ಲ, ವಸಂತ ತನ್ನ ಟೂ-ಇನ್-ಒನ್‌ನಲ್ಲಿ ಹಿಡಿದಿಟ್ಟದ್ದು, ಅದು. ನೀವು ಅದನ್ನು ಮಗುವಿನ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡಿರಿ. ಇದನ್ನು ಡಬ್ಬಾ ಸೆಟ್ಟಿನಲ್ಲಿ ಹಾಕಿ ಟೇಪು ಸವೆಸಬಾರದು ಪ್ರೇಮಾ, ಒಳ್ಳೆಯದೊಂದು ತಂದು ಇಬ್ಬರೂ ಕೂತು ಕೇಳೋಣ ಅಂದಿರಿ. ನಾನು ಹೂಂ ಅಂದೆ. ನನ್ನ ತಪ್ಪು ಶುರುವಾದದ್ದು ಅಲ್ಲಿ.

ಟೇಪ್ ಡೆಕ್ ಬಂತು. ಡೆಕ್ ಬಂದಾಗ ಆಂಪ್ಲಿಫೈಯರ್ ಸರಿಯಿಲ್ಲ, ಆಂಪ್ಲಿಫೈಯರ್ ಬಂದಾಗ ಸ್ಪೀಕರ್ ಸಾಲದು, ಸ್ಪೀಕರ್ ಬಂದಾಗ ವೈರು ಸರಿಯಿಲ್ಲ, ವೈರು ಬಂದಾಗ ಗೋಡೆಯೇ ಸರಿಯಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಹಾಗಾಯಿತು. ಕ್ಯಾಸೆಟ್ ಮಾತ್ರ ಮಖಮಲ್ ಬಟ್ಟೆ ಸುತ್ತಿಕೊಂಡು, ಸ್ಟೀಲ್ ಡಬ್ಬಿಯೊಳಗೆ, ಗಾಜಿನ ಬೀರುವಿನಲ್ಲಿ ಕೂತಿತು. ಎಲ್ಲ ಸಿದ್ಧವಾಗಲಿ, ಆಮೇಲೆ ಕೇಳೋಣ ಅಂದಿರಿ. ಪ್ರತಿ ಶುಕ್ರವಾರ ನಾನು ದೇವರ ಪಟ ಒರೆಸುವಾಗ ನೀವು ಆ ಡಬ್ಬಿ ಒರೆಸುತ್ತಿದ್ದಿರಿ. ಮದುವೆಯ ಗಡಿಬಿಡಿಯಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ ಅಂತ ನಮ್ಮಮ್ಮ ಹೇಳುತ್ತಿದ್ದ ಗಾದೆ ನಮ್ಮ ಮನೆಯಲ್ಲೇ ನಡೆಯಬಹುದು ಅಂತ ನಾನು ಎಣಿಸಿರಲಿಲ್ಲ.

ದುಡ್ಡಿನ ಮಾತು ನಾನು ಎತ್ತುವುದಿಲ್ಲ. ನೀವು ದುಡಿದದ್ದು, ನೀವು ಖರ್ಚು ಮಾಡಿದಿರಿ. ನನ್ನ ತಕರಾರು ಬೇರೆ.

ಮೊಟ್ಟೆ ಟ್ರೇ ಪ್ರಸಂಗ ಬರೆಯದಿದ್ದರೆ ನನಗೆ ಇವತ್ತು ಊಟ ಸೇರುವುದಿಲ್ಲ. ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದು ಅಂತ ನಿಮಗೆ ಯಾರೋ ಹೇಳಿಕೊಟ್ಟರು. ಮೂಲೆ ಅಂಗಡಿಯಿಂದ ಅರವತ್ತು ಖಾಲಿ ಮೊಟ್ಟೆ ಟ್ರೇ ತಂದು ಜಗಲಿಯ ಮೇಲೆ ಪೇರಿಸಿದಿರಿ. ಮೂರು ತಲೆಮಾರಿನಿಂದ ಲಿಂಗಪೂಜೆ ಮಾಡದೆ ತುತ್ತು ಎತ್ತದ ಮನೆಯ ಜಗಲಿ ಅದು. ಅದೇ ಹೊತ್ತಿಗೆ ಸರಿಯಾಗಿ ಕರಿಬಸವಯ್ಯನವರು ಬರಬೇಕೇ! ಸೋಮವಾರ ಮಠದ ಭಜನೆಗೆ ನೀವು ನಾಲ್ಕು ವಾರದಿಂದ ಬಂದಿಲ್ಲ, ಮೈಗೆ ಹುಷಾರಿಲ್ಲವೇನೋ ಅಂತ ಪಾಪ, ಹಾರ್ಮೋನಿಯಂ ನುಡಿಸುವ ಆ ಹಿರಿಯರು ವಿಚಾರಿಸಲು ಬಂದಿದ್ದರು. ಟ್ರೇಗಳನ್ನು ನೋಡಿದರು, ನನ್ನ ಮುಖ ನೋಡಿದರು, ತಗ್ಗಿದ ದನಿಯಲ್ಲಿ ಕೇಳಿದರು: “ಮನೇಲಿ ಯಾರಿಗಾದ್ರೂ ಡಾಕ್ಟ್ರು ಬರೆದುಕೊಟ್ಟಿದ್ದಾರೇನಮ್ಮ ತಾಯಿ?” ಇಲ್ಲ ಅಯ್ಯನವರೇ, ಗೋಡೆಗೆ ಅಂಟಿಸುವುದಕ್ಕೆ ಅಂದೆ. ಅವರಿಗೆ ಇನ್ನೂ ಹೆಚ್ಚು ಗಾಬರಿಯಾಯಿತು. ಆಮೇಲೆ ನೀವು ಹೊರಗೆ ಬಂದು, ಮಠದ ಮೈಕು ಕಿತ್ತುಹೋಗಿದೆ, ಅದರಲ್ಲಿ ಹಾಡುವುದಕ್ಕಿಂತ ಸುಮ್ಮನಿರುವುದು ಮೇಲು ಅಂದಿರಿ. ಅವರು ಹೇಳಿದ್ದು ನಿಮಗೆ ಕೇಳಿಸಿತೋ ಇಲ್ಲವೋ. ನನಗೆ ಕೇಳಿಸಿತು. “ಮೈಕು ತಂದಿದ್ದು ಹೋದ ವರ್ಷ ಕಣಪ್ಪಾ. ಅದಕ್ಕೆ ಮುಂಚೆ ಇಪ್ಪತ್ತು ವರ್ಷ ನೀನು ಬರೀ ಗಂಟಲಲ್ಲೇ ಹಾಡ್ತಿದ್ದೆ” ಅಂದರು. ಕಾಫಿ ಅರ್ಧ ಕುಡಿದು ಎದ್ದು ಹೋದರು.

ಅವತ್ತಿಂದ ನೀವು ಹಾಡಿಲ್ಲ. ಮಠದಲ್ಲೂ ಇಲ್ಲ, ಮನೆಯಲ್ಲೂ ಇಲ್ಲ, ಬಚ್ಚಲಲ್ಲೂ ಇಲ್ಲ.

ಇನ್ನು ನಿಮ್ಮ ಸ್ನೇಹಿತರು. ಪ್ರತಿ ಭಾನುವಾರ ವಿಜಯ್‌ಕುಮಾರ್ ಮತ್ತವರ ಬಳಗ ಬರುತ್ತಾರೆ. ನಾಲ್ಕು ಜನಕ್ಕೆ ಉಪ್ಪಿಟ್ಟು ಮಾಡುವುದು ನನಗೆ ಭಾರವಲ್ಲ. ಆದರೆ ಅವರು ಹಾಡು ಕೇಳುವ ಚಂದ ನೋಡಿ. ಹಾಡು ಶುರುವಾಗುತ್ತದೆ. ಅರ್ಧ ನಿಮಿಷಕ್ಕೆ ಒಬ್ಬರು ಕೈ ಎತ್ತಿ ‘ಮೃದಂಗದ ಎಡಗಡೆ ನೋಡಿ’ ಅನ್ನುತ್ತಾರೆ. ನಿಲ್ಲಿಸುತ್ತೀರಿ. ಇನ್ನೊಂದು ಹಾಕುತ್ತೀರಿ. ‘ಉಸಿರು ಎಳೆದುಕೊಂಡದ್ದು ಕೇಳಿಸ್ತಾ?’ ಅನ್ನುತ್ತಾರೆ. ಮತ್ತೆ ನಿಲ್ಲಿಸುತ್ತೀರಿ. ಮೂರು ವರ್ಷದಲ್ಲಿ ನಮ್ಮ ಮನೆಯಲ್ಲಿ ಒಂದೇ ಒಂದು ಹಾಡು ಪಲ್ಲವಿ ದಾಟಿ ಚರಣ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅಡುಗೆಮನೆಯಲ್ಲಿ ನಿಂತು, ಅರ್ಧಕ್ಕೆ ಕತ್ತರಿಸಿದ ಹಾಡಿನ ಉಳಿದದ್ದನ್ನು ನಾನೇ ಮನಸ್ಸಿನಲ್ಲಿ ಮುಗಿಸಿಕೊಳ್ಳುತ್ತಿದ್ದೆ. ಹಾಗೆ ಬಿಟ್ಟರೆ ತಲೆನೋವು ಬರುತ್ತಿತ್ತು.

ಕೋಣೆಯಲ್ಲಿ ಒಂದೇ ಕುರ್ಚಿ. ಅದರ ನಾಲ್ಕು ಕಾಲಿಗೂ ನೆಲದ ಮೇಲೆ ಸೀಮೆಸುಣ್ಣದ ಗುರುತು. ಸದ್ದು ಸರಿಯಾಗಿ ಸೇರುವುದು ಆ ಒಂದು ಜಾಗದಲ್ಲಿ ಮಾತ್ರವಂತೆ. ಇಬ್ಬರೂ ಕೂತು ಕೇಳೋಣ ಅಂದಿದ್ದಿರಲ್ಲ, ನಾನು ಎಲ್ಲಿ ಕೂರಬೇಕಿತ್ತು? ನಮ್ಮಮ್ಮ ಮದುವೆಗೆ ಕೊಟ್ಟ ಜಮಖಾನವನ್ನೂ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೀರಿ, ನೆಲಕ್ಕೆ ಕೂರೋಣ ಅಂದರೆ ಅದೂ ಇಲ್ಲ. ಬಾಗಿಲಲ್ಲಿ ನಿಂತು ಕೇಳಿದೆ. ಹೇಗಿದೆ ಅಂತ ಕೇಳಿದಾಗಲೆಲ್ಲ ಚೆನ್ನಾಗಿದೆ ಅಂದೆ. ಮೊನ್ನೆಗಿಂತ ಚೆನ್ನಾಗಿದೆ ಅಲ್ವಾ ಅಂದರೆ ಹೌದು ಅಂದೆ. ನಿಜ ಹೇಳುತ್ತೇನೆ, ನನಗೆ ಒಂದು ದಿನವೂ ಯಾವ ವ್ಯತ್ಯಾಸವೂ ಕೇಳಿಸಲಿಲ್ಲ. ನಿಮ್ಮ ಮುಖ ನೋಡಿದರೆ ಇಲ್ಲ ಅನ್ನುವುದಕ್ಕೆ ಬಾಯಿ ಬರುತ್ತಿರಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ವಿಜಯ್‌ಕುಮಾರ್ ಹೆಬ್ಬೆರಳು ಗಾತ್ರದ ಬೆಳ್ಳಿ ಬಣ್ಣದ ವೈರು ತಂದ ದಿನ. ನೀವು ಕಣ್ಣು ಮುಚ್ಚಿ ಕೂತಿದ್ದಿರಿ, ನಾನು ಹಿಂದೆ ನಿಂತು ಹಳೆಯ ವೈರು ಬಿಚ್ಚಿ ಹೊಸದು ಹಾಕಬೇಕಿತ್ತು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ. ಹಾಲು ಉಕ್ಕುತ್ತದೆ ಅನ್ನುವ ಆತಂಕದಲ್ಲಿ, ಸ್ವಲ್ಪ ಸದ್ದು ಮಾಡಿ, ಏನನ್ನೂ ಬದಲಾಯಿಸದೆ ಆಯ್ತು ಅಂದೆ. ನೀವು ಕೇಳಿದಿರಿ. ನಿಮ್ಮ ಕಣ್ಣಲ್ಲಿ ನೀರು ಬಂತು. “ಪರದೆ ಸರಿಸಿದ ಹಾಗಾಯ್ತು ಕಣ್ರೀ” ಅಂತ ವಿಜಯ್‌ಕುಮಾರಿಗೆ ಹೇಳಿದಿರಿ. ಅವರೂ ತಲೆದೂಗಿದರು. ನಾನು ಹೋಗಿ ಹಾಲು ಇಳಿಸಿದೆ. ಆ ಹೊಸ ವೈರು ಇವತ್ತಿಗೂ ಆ ಸ್ಪೀಕರಿನ ಹಿಂದೆ ಸುರುಳಿ ಸುತ್ತಿಕೊಂಡು ಬಿದ್ದಿದೆ. ಬೇಕಾದರೆ ಬಗ್ಗಿ ನೋಡಿ.

ಲಷ್ಕರ್ ಮೊಹಲ್ಲಾದಲ್ಲಿ ಮನೆ ಮಾಡಿಕೊಂಡು ನಿಶ್ಶಬ್ದ ಹುಡುಕುವವರನ್ನು ನಾನು ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ಕಾಣೆ. ಪಕ್ಕದ ಲಕ್ಷ್ಮೀನರಸಿಂಹನ ಹತ್ತಿರ ಹೋಗಿ, ದಿನಾ ಹನ್ನೊಂದರಿಂದ ಹನ್ನೆರಡರ ತನಕ ಗಿರಣಿ ನಿಲ್ಲಿಸು ಅಂದಿರಿ. “ಬೇಕಾದ್ರೆ ನಿಮ್ಮ ರಾಗೀನ ಬಿಟ್ಟಿ ಬೀಸ್ಕೊಡ್ತೀನಿ ಸಾರ್, ಗಿರಣಿ ನಿಲ್ಸು ಅಂತ ಮಾತ್ರ ಅನ್ಬೇಡಿ” ಅಂತ ಅವನು ಕೈ ಮುಗಿದನಂತೆ. ಅವತ್ತಿಂದ ಅವನಿಗೆ ಮುಖ ತೋರಿಸಲಾಗದೆ ನಾನು ರಾಗಿ ಹೊತ್ತುಕೊಂಡು ಮಂಡಿ ಮೊಹಲ್ಲಾಗೆ ಹೋಗುತ್ತಿದ್ದೇನೆ. ಹೋದ ದಸರಾದಲ್ಲಿ ಅರಮನೆ ಮುಂದಿನ ಕಚೇರಿಗೆ ಹೋದೆವು. ಮದುವೆಯಾದಾಗಿನಿಂದ ತಪ್ಪಿಸಿದ್ದಿಲ್ಲ. ಸಾವಿರಾರು ಜನ ಮೈಮರೆತು ಕೂತಿದ್ದರು. ನೀವು ಕಾಲು ಗಂಟೆಗೆ ಎದ್ದಿರಿ, ಆ ಕಡೆ ಸ್ಪೀಕರಿಗೂ ಈ ಕಡೆ ಸ್ಪೀಕರಿಗೂ ಹೊಂದಿಕೆ ಇಲ್ಲ ಅಂತ. ಬಿಸಿ ಕಡಲೆಕಾಯಿ ಪೊಟ್ಟಣ ಇನ್ನೂ ನನ್ನ ಕೈಯಲ್ಲಿತ್ತು. ಆಟೋದಲ್ಲಿ ಮನೆ ತನಕ ಅದನ್ನು ಹಾಗೇ ಹಿಡಿದುಕೊಂಡು ಬಂದೆ.

ಇಷ್ಟನ್ನೂ ನಾನು ಸಹಿಸಿಕೊಂಡೆ. ಇದಕ್ಕೆಲ್ಲ ಮನೆ ಬಿಟ್ಟು ಬರುವವಳಲ್ಲ ನಾನು.

ಗೌರಿ ಹಬ್ಬದ ದಿನ ಬೀರಮ್ಮ ಎಂದಿನ ಹಾಗೆ ಬಳೆಯ ಮಲಾರ ಹೊತ್ತು ಬಂದಳು. ನಡುಮನೆಯಲ್ಲಿ ಕೂತು ನನ್ನ ಎರಡೂ ಕೈಗೆ ಹಸಿರು ಗಾಜಿನ ಬಳೆ ತೊಡಿಸಿದಳು. ಸುಷ್ಮಾಗೆ ಏನೇನು ಬಣ್ಣ ತರಬೇಕು ಅಂತ ಇಬ್ಬರೂ ಮಾತಾಡಿಕೊಂಡೆವು. ಅವಳಿಗೂ ನಿಮಗೂ ಕಾಫಿ ಮಾಡಿದೆ. ನಿಮ್ಮ ಲೋಟ ಹಿಡಿದು ಕೋಣೆಯ ಬಾಗಿಲಿಗೆ ಬಂದೆ. ನೀವು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಿರಿ. ಕಣ್ಣು ಬಿಡಲಿಲ್ಲ. ಕೈ ಎತ್ತಿ, “ಆ ಬಳೆ ಬಿಚ್ಚಿಟ್ಟು ಬಾ ಪ್ರೇಮಾ, ಮೇಲಿನ ಸ್ವರವೆಲ್ಲ ಅದರಲ್ಲೇ ಕಲಸಿಹೋಗ್ತಿದೆ” ಅಂದಿರಿ.

ಹಬ್ಬದ ದಿನ. ಮುತ್ತೈದೆಗೆ. ಕಟ್ಟಿಕೊಂಡ ಗಂಡನೇ.

ಬೀರಮ್ಮ ಮಲಾರ ಕಟ್ಟುತ್ತಿದ್ದವಳು ಅಲ್ಲಿಂದಲೇ ಕೂಗಿದಳು: “ಅಯ್ಯೋ, ಬುಡ್ತು ಅನ್ನಿ ಸ್ವಾಮಿ! ಅಬ್ಬದ್ ದಿನ ಎಂಥಾ ಮಾತಾಡ್ಬುಟ್ರಿ!” ಕೆಟ್ಟ ಮಾತು ಬಾಯಿ ಜಾರಿದರೆ ಬಿಡ್ತು ಅಂದು ಅದನ್ನು ವಾಪಸ್ ತಗೋಬೇಕು ಅಂತ ಮೂರು ವರ್ಷದ ಮಗುವಿಗೂ ಗೊತ್ತು. ನೀವು ಬಿಡ್ತು ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡೇ ಒಂದು ಗುಂಡಿ ತಿರುಗಿಸಿ, ಈಗ ಸರಿಹೋಯ್ತು ಅಂದಿರಿ. ಬೀರಮ್ಮ ಕಾಫಿ ಮುಟ್ಟದೆ ಹೋದಳು. ಮಾರನೆಯ ದಿನ ಗಣೇಶನಿಗೆ ಕಡುಬು ಎಡೆ ಇಟ್ಟು, ನಿಮಗೂ ಬಡಿಸಿ, ನಾನು ಇಲವಾಲದ ಬಸ್ಸು ಹತ್ತಿದೆ.

ನೀವು ಕೆಟ್ಟದ್ದನ್ನು ಮನಸ್ಸಿನಲ್ಲಿಟ್ಟು ಆಡಲಿಲ್ಲ. ಅದು ನನಗೆ ಗೊತ್ತು. ಅದೇ ನನಗೆ ಹೆಚ್ಚು ಉರಿಯುವುದು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಮೂವತ್ತೆರಡು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತರೆ ಅವಳು ನಿಮಗೆ ಬರೀ ಗಲಾಟೆ ಅನ್ನಿಸಿದಳು. ನನಗೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ದುಃಖ ಇದೆ. ನಿಮ್ಮ ಹಾಡು ಇಲ್ಲದ ಮನೆಯಲ್ಲಿ ಇರುವುದು ನನಗೆ ಅಭ್ಯಾಸವಾಗಲಿಲ್ಲ ರೀ.

ಮೊನ್ನೆ ಸುಷ್ಮಾ ಫೋನು ಮಾಡಿದ್ದಳು. ನಾನು ಇಲ್ಲಿ ಯಾಕಿದ್ದೇನೆ ಅಂತ ಅವಳಿಗೆ ಹೇಳಿಲ್ಲ. ವಸಂತನಿಗೆ ಸೊಂಟ ನೋವು, ನೋಡಿಕೊಳ್ಳಲು ಬಂದಿದ್ದೇನೆ ಅಂದಿದ್ದೇನೆ. ಅವಳು ಸೀರೆ, ಬಳೆ, ಊಟ ಯಾವುದನ್ನೂ ಕೇಳಲಿಲ್ಲ. “ನೀನು ಬಳೆ ತೊಟ್ಟ ದಿನ ಅಪ್ಪ ಹಾಡಿದ್ರಂತಲ್ಲಮ್ಮ, ನನಗೂ ಹಾಡ್ತಾರಾ?” ಅಂತ ಕೇಳಿದಳು. ನಿಮ್ಮಪ್ಪನನ್ನೇ ಕೇಳು ಅನ್ನುವುದಕ್ಕೆ ಧೈರ್ಯ ಬರಲಿಲ್ಲ. ನೋಡೋಣ ಪುಟ್ಟ ಅಂದೆ.

ಆದ್ದರಿಂದ ಕೇಳಿ. ಯಾವುದನ್ನೂ ಮಾರಿ ಅಂತ ನಾನು ಹೇಳುವುದಿಲ್ಲ. ಅದೆಲ್ಲವನ್ನೂ ಅಟ್ಟಕ್ಕೋ ಮೂಲೆಗೋ ಸರಿಸಿ. ಜಮಖಾನ ಗೋಡೆಯಿಂದ ಇಳಿಸಿ, ಕೊಡವಿ, ನೆಲಕ್ಕೆ ಹಾಸಿ. ಹಾಸನದ ಬೀಗರು ಕಾಲಿಡುವ ಮುಂಚೆ ದಯವಿಟ್ಟು ಆ ಮೊಟ್ಟೆ ಟ್ರೇಗಳನ್ನು ಕಿತ್ತು ಅಂಗಡಿಯವನಿಗೆ ಕೊಟ್ಟುಬಿಡಿ. ಕರಿಬಸವಯ್ಯನವರನ್ನು ನೀವೇ ಹೋಗಿ ಕರೆಯಿರಿ. ಬೀರಮ್ಮನಿಗೆ ನಾನು ಫೋನು ಮಾಡಿದ್ದೆ. ಬರುತ್ತೇನೆ ಅಂದಳು, ಆದರೆ ಮೊದಲು ಒಂದು ಮಾತು ಕೇಳಿದಳು: ಸ್ವಾಮಿ ಬಿಡ್ತು ಅಂದ್ರಾ? ಇನ್ನೂ ಇಲ್ಲ ಅಂದೆ. ಬುಧವಾರದೊಳಗೆ ನೀವೇ ಇಲ್ಲಿಗೆ ಬಂದು, ನನ್ನ ಎದುರಿಗೆ ನಿಂತು ಆ ಒಂದು ಮಾತು ಹೇಳಿದರೆ, ಅದೇ ಬಸ್ಸಿನಲ್ಲಿ ನಿಮ್ಮ ಜೊತೆ ಬರುತ್ತೇನೆ. ಇಲ್ಲದಿದ್ದರೆ ಶಾಸ್ತ್ರ ಇಲ್ಲೇ ವಸಂತನ ಮನೆಯಲ್ಲಿ ನಡೆಯುತ್ತದೆ. ಮಗಳ ಬಳೆ ಶಾಸ್ತ್ರಕ್ಕೆ ನೀವು ಮಿಕ್ಕ ನೆಂಟರ ಹಾಗೆ ಬಂದು ಉಂಡು ಹೋಗಬಹುದು. ಛತ್ರಕ್ಕಂತೂ ನಾನು ಒಪ್ಪುವುದಿಲ್ಲ.

ಬಿ.ಪಿ. ಮಾತ್ರೆ ಬೆಳಗಿನದು ಹಳದಿ ಡಬ್ಬಿಯಲ್ಲಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಇನ್ನೂ ಬಳೆ ಬಿಚ್ಚಿಡದ,
ಪ್ರೇಮಲೀಲಾ

ಮರೆತಿದ್ದೆ: ಗಾಜಿನ ಬೀರುವಿನ ಸ್ಟೀಲ್ ಡಬ್ಬಿಯಲ್ಲಿ ಕ್ಯಾಸೆಟ್ ಇಲ್ಲ. ಯುಗಾದಿಗೆ ಇಲ್ಲಿಗೆ ಬಂದಾಗಲೇ ಅದನ್ನು ತಂದುಬಿಟ್ಟೆ. ನೀವು ಇವತ್ತು ಡಬ್ಬಿ ತೆಗೆಯುತ್ತೀರಿ, ನಾಳೆ ತೆಗೆಯುತ್ತೀರಿ, ಕ್ಯಾಸೆಟ್ ಎಲ್ಲಿ ಅಂತ ನನ್ನ ಮೇಲೆ ಕೂಗಾಡುತ್ತೀರಿ ಅಂತ ಐದು ತಿಂಗಳು ಕಾದೆ. ನೀವು ಖಾಲಿ ಡಬ್ಬಿಯನ್ನು ಒರೆಸುತ್ತಲೇ ಇದ್ದಿರಿ. ಈಗ ದಿನಾ ಸಂಜೆ ಅದನ್ನು ವಸಂತನ ಹಳೆಯ ಟೂ-ಇನ್-ಒನ್‌ಗೇ ಹಾಕಿಕೊಂಡು ಕೇಳುತ್ತೇನೆ. ಒಂದು ಕಡೆಯ ಸ್ಪೀಕರು ಗೊರಗೊರ ಅನ್ನುತ್ತದೆ. ನಿಮ್ಮ ದನಿ ಎಷ್ಟು ಚೆನ್ನಾಗಿತ್ತು ರೀ. ಎರಡನೇ ಚರಣದಲ್ಲಿ ನೀವು ತಾಳ ತಪ್ಪುತ್ತೀರಿ, ಹೆಂಗಸರೆಲ್ಲ ನಗುತ್ತಾರೆ, ನಾನೂ ನಗುತ್ತಾ ಚಪ್ಪಾಳೆ ತಟ್ಟುವುದನ್ನು ನಿಲ್ಲಿಸಿಬಿಡುತ್ತೇನೆ. ಆಗ ನೀವು ಹಾಡು ನಿಲ್ಲಿಸಿ ಒಂದು ಮಾತು ಹೇಳುತ್ತೀರಿ. ಅದೂ ಟೇಪಿನಲ್ಲಿದೆ. “ಆ ಬಳೆ ಸದ್ದು ನಿಲ್ಲಿಸ್ಬೇಡ ಪ್ರೇಮಾ, ನಾನು ಅದನ್ನ ಕೇಳ್ಕೊಂಡೇ ಹಾಡ್ತಿರೋದು.”

ಬರುವಾಗ ಆ ಖಾಲಿ ಡಬ್ಬಿ ತನ್ನಿ.